‘ದಾವಣಗೆರೆಗೆ ಬರ್ಕೊಟ್ರು’: ನಿದ್ದೆಗೆಟ್ಟ ಸರ್ಜನ್‌ಗಳ ಹಳೇ ಕಥೆ

ಇದು ನಮ್ಮ ಪಾಡ್‌ಕಾಸ್ಟ್‌ನ ಬರಹ ರೂಪ. ಇಯರ್‌ಫೋನ್ ಇದ್ರೆ ಕೇಳಿ, ಇಲ್ದಿದ್ರೆ ಬಸ್ಸಲ್ಲಿ ಕೂತು ಓದಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತೆ: ‘ದಾವಣಗೆರೆಗೆ ಬರ್ಕೊಟ್ರು.’ ಅಂದ್ರೆ, ಇಲ್ಲಿ ಆಗಲ್ಲ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದ್ರು. ಅಡಿಕೆ ಮರದಿಂದ ಬಿದ್ದವರು, ಮೆಕ್ಕೆಜೋಳ ಬಿಡಿಸೋ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು, ಕತ್ತಲಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್‌ಗೆ ಬೈಕ್ ಗುದ್ದಿದವರು, ಮೂರು ದಿನ ಹೊಟ್ಟೆನೋವಿಗೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಕೊನೆಗೆ ಕರುಳು ತೂತಾದ ಮೇಲೆ ಬಂದವರು. ಎಲ್ಲರೂ ಆ ಚೀಟಿ ಹಿಡ್ಕೊಂಡೇ ಹೋಗ್ತಾರೆ.

ಈಗ ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಕ್ಯಾಶುವಾಲಿಟಿ ಮುಂದೆ ನಿಂತಾಗ ಆ ಚೀಟಿಯನ್ನ ಮೊದಲು ಕೈಗೆ ತಗೊಳ್ಳೋದು ಯಾರು? ಪ್ರೊಫೆಸರ್ ಅಲ್ಲ. ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಹೆಸರಿರೋ ಡಾಕ್ಟ್ರೂ ಅಲ್ಲ. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿನ ಒಬ್ಬ ಹುಡುಗ ಅಥವಾ ಹುಡುಗಿ. ಎಂ.ಎಸ್. ಜನರಲ್ ಸರ್ಜರಿ, ಮೊದಲ ವರ್ಷ. ಆಸ್ಪತ್ರೆ ಭಾಷೆಯಲ್ಲಿ ‘ಫಸ್ಟ್ ಇಯರ್ ಪಿಜಿ’. ನಿನ್ನೆ ಬೆಳಗ್ಗೆ ಆರಕ್ಕೆ ವಾರ್ಡಿಗೆ ಬಂದವರು ಅವರು. ಡ್ರೆಸ್ಸಿಂಗ್, ರೌಂಡ್ಸ್, ಕೇಸ್ ಶೀಟ್, ಓಪಿಡಿ, ಬ್ಲಡ್ ಬ್ಯಾಂಕಿಗೆ ಓಡಾಟ, ಆಮೇಲೆ ಎಮರ್ಜೆನ್ಸಿ ಡ್ಯೂಟಿ. ನಾಳೆ ಬೆಳಗ್ಗೆ ಮತ್ತೆ ರೌಂಡ್ಸ್, ಅದಾದ್ಮೇಲೆ ಓಟಿ. ಇಪ್ಪತ್ನಾಲ್ಕು ಗಂಟೆ ಡ್ಯೂಟಿ ಅನ್ನೋದು ಹೀಗೆ ಮೂವತ್ತಾರು ಗಂಟೆ ಆಗಿಬಿಡೋದು ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಮಾಮೂಲು.

ಸರ್ಜನ್ ಆಗಬೇಕಾದ್ರೆ ನಿದ್ದೆ ಬಿಡಲೇಬೇಕು ಅಂತ ಮೊದಲು ತೀರ್ಮಾನ ಮಾಡಿದ್ದು ಯಾರು? ಇವತ್ತಿನ ಕಥೆ ಅದೇ. ಅದು ಶುರುವಾಗೋದು ಅಮೆರಿಕದಲ್ಲಿ, ಆದ್ರೆ ಬಂದು ನಿಲ್ಲೋದು ದಾವಣಗೆರೆಯ ಜಯದೇವ ಸರ್ಕಲ್‌ನಲ್ಲಿ.

ಮೊದಲು ನಮ್ಮ ನಕ್ಷೆ ನೋಡಿಬಿಡೋಣ. ಈ ನಾಲ್ಕು ತಾಲ್ಲೂಕುಗಳು ಮೊದಲಿನಿಂದ ಒಂದೇ ಜಿಲ್ಲೆಯಲ್ಲಿ ಇದ್ದವಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು. ಜಗಳೂರು ಚಿತ್ರದುರ್ಗದ್ದು. 1997ರ ಆಗಸ್ಟ್ 15ಕ್ಕೆ, ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಪಟೇಲರ ಊರು ಕಾರಿಗನೂರು ಇರೋದೂ ಚನ್ನಗಿರಿ ತಾಲ್ಲೂಕಲ್ಲೇ. ನ್ಯಾಮತಿ ಇನ್ನೂ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯ್ತು. ಹಂಗಾಗಿ ಕಾಗದದ ಮೇಲೆ ದಾವಣಗೆರೆ ಜಿಲ್ಲೆಯಾದ್ರೂ ನ್ಯಾಮತಿಯವರ ಕಾಲು ಇವತ್ತಿಗೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಕಡೆಗೇ ಎಳೆಯುತ್ತೆ, ಜಗಳೂರಿನ ಕೆಲವು ಹಳ್ಳಿಯವರಿಗೆ ಚಿತ್ರದುರ್ಗವೇ ಹತ್ತಿರ. ಜಿಲ್ಲೆಯ ಗಡಿ ನೋಡ್ಕೊಂಡು ಯಾರಿಗೂ ಹೊಟ್ಟೆನೋವು ಬರಲ್ಲವಲ್ಲ!

ಆದ್ರೆ ದಾವಣಗೆರೆ ಆಸ್ಪತ್ರೆಗಳ ಊರಾಗಿದ್ದು ಜಿಲ್ಲೆ ಆಗೋಕೆ ಬಹಳ ಮುಂಚೆ. ಹಳೇ ಮೈಸೂರು ಸಂಸ್ಥಾನಕ್ಕೆ 1924ರಲ್ಲಿ ಒಂದು ಮೆಡಿಕಲ್ ಕಾಲೇಜು ಬಂತು. ಅದೇ ಈಗಿನ ಮೈಸೂರು ಮೆಡಿಕಲ್ ಕಾಲೇಜು, ಶುರುವಾಗಿದ್ದು ಮಾತ್ರ ಬೆಂಗಳೂರಲ್ಲಿ. ಆಮೇಲೆ 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ. 1965ರಲ್ಲಿ ದಾವಣಗೆರೆಯ ಜಗದ್ಗುರು ಜಯದೇವ ಮುರುಘರಾಜೇಂದ್ರ ಮೆಡಿಕಲ್ ಕಾಲೇಜು, ಅಂದ್ರೆ ಎಲ್ಲರ ಬಾಯಲ್ಲಿರೋ ‘ಜೆಜೆಎಂ’. ಖಾಸಗಿ ವಿದ್ಯಾಸಂಸ್ಥೆಯ ಕಾಲೇಜು, ಆದ್ರೆ ಅದರ ವಿದ್ಯಾರ್ಥಿಗಳು ಕಲಿಯೋ ಆಸ್ಪತ್ರೆಗಳಲ್ಲಿ ಮುಖ್ಯವಾದ ಒಂದು ಸರ್ಕಾರದ್ದು: ಚಿಗಟೇರಿ ಆಸ್ಪತ್ರೆ, ಜನರ ಬಾಯಲ್ಲಿ ಸಿ.ಜಿ. ಆಸ್ಪತ್ರೆ. ಈ ಜೋಡಣೆಯನ್ನ ನೆನಪಿಟ್ಕೊಳ್ಳಿ. 2020ಕ್ಕೆ ಬಂದಾಗ ಬೇಕಾಗುತ್ತೆ.

ಈಗ ಅಮೆರಿಕಕ್ಕೆ ಹೋಗೋಣ. ಬಾಲ್ಟಿಮೋರ್ ನಗರ, 1889. ಜಾನ್ಸ್ ಹಾಪ್ಕಿನ್ಸ್ ಅನ್ನೋ ಹೊಸ ಆಸ್ಪತ್ರೆಯ ಬಾಗಿಲು ತೆರೀತು. ಅಲ್ಲಿನ ಸರ್ಜರಿ ವಿಭಾಗ ಕಟ್ಟಿದವರು ವಿಲಿಯಂ ಹಾಲ್‌ಸ್ಟೆಡ್. ಇವತ್ತು ಪ್ರಪಂಚದಲ್ಲಿ ಯಾರೇ ಸರ್ಜನ್ ಆಗ್ಲಿ, ಈ ಮನುಷ್ಯ ಹಾಕಿಕೊಟ್ಟ ದಾರಿಯಲ್ಲೇ ಆಗೋದು. ಅದಕ್ಕೂ ಮುಂಚೆ ಅಲ್ಲಿ ಶಸ್ತ್ರಚಿಕಿತ್ಸೆ ಕಲಿಯೋದು ಒಂಥರಾ ಗ್ಯಾರೇಜ್‌ನಲ್ಲಿ ಮೆಕ್ಯಾನಿಕ್ ಕೆಲಸ ಕಲಿತಂಗಿತ್ತು. ಯಾರೋ ಹಿರಿಯರ ಪಕ್ಕ ಸ್ವಲ್ಪ ದಿನ ನಿಂತು, ಆಮೇಲೆ ಬೋರ್ಡ್ ಹಾಕ್ಕೊಳ್ಳೋದು. ಹಾಲ್‌ಸ್ಟೆಡ್ ಅದನ್ನ ಬದಲಾಯಿಸಿದ್ರು. ಕಲಿಯುವವನು ಆಸ್ಪತ್ರೆಯಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ‘ರೆಸಿಡೆಂಟ್’ ಅನ್ನೋ ಪದದ ಅರ್ಥವೇ ಅದು, ಆಸ್ಪತ್ರೆಯ ನಿವಾಸಿ. ನಮ್ಮಲ್ಲಿ ಇಂಟರ್ನ್‌ಗಳನ್ನ ಇವತ್ತಿಗೂ ‘ಹೌಸ್ ಸರ್ಜನ್’ ಅಂತೀವಲ್ಲ, ಬ್ರಿಟಿಷರಿಂದ ಬಂದ ಆ ಮಾತಿನಲ್ಲೂ ಆಸ್ಪತ್ರೆಯೇ ಮನೆ.

ಮದುವೆ ಆಗೋ ಹಂಗಿಲ್ಲ ಅನ್ನೋದು ಬಹುತೇಕ ನಿಯಮದಂತೆಯೇ ನಡೀತಿತ್ತು. ಎಷ್ಟು ವರ್ಷ ಕಲಿಯಬೇಕು ಅಂತ ಲೆಕ್ಕವಿಲ್ಲ, ಗುರುವಿಗೆ ಸಾಕು ಅನ್ನಿಸಿದಾಗ ಮುಗೀತು. ಎಂಟು ಹತ್ತು ಜನ ಒಳಗೆ ಬಂದ್ರೆ ತುದಿ ಮುಟ್ಟೋನು ಒಬ್ಬ. ಉಳಿದವರು ಮಧ್ಯದಲ್ಲೇ ಇಳಿದುಹೋಗಬೇಕು. ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ಆ ತುದಿಗೇರಿದವರು ಹದಿನೇಳು ಮಂದಿ ಅಷ್ಟೇ. ಅವರು ಹೋದ ಕಡೆಯೆಲ್ಲ ಇದೇ ಪದ್ಧತಿಯನ್ನ ನೆಟ್ಟರು. ಬಹಳ ಒಳ್ಳೇ ಸರ್ಜನ್‌ಗಳು ತಯಾರಾದ್ರು, ಅದರಲ್ಲಿ ಎರಡು ಮಾತಿಲ್ಲ. ಹಾಲ್‌ಸ್ಟೆಡ್ ಕೂಡ ಸಾಮಾನ್ಯರಲ್ಲ. ಹರ್ನಿಯಾ ಆಪರೇಷನ್, ಸ್ತನ ಕ್ಯಾನ್ಸರ್ ಆಪರೇಷನ್, ರಕ್ತ ಸೋರದ ಹಾಗೆ ಅಂಗಾಂಶವನ್ನ ಮೆತ್ತಗೆ ಹಿಡಿಯೋ ಕ್ರಮ, ಎಲ್ಲದರಲ್ಲೂ ಅವರ ಹೆಸರಿದೆ. ಓಟಿಯಲ್ಲಿ ರಬ್ಬರ್ ಗ್ಲೌಸ್ ಬಂದಿದ್ದೂ ಅವರಿಂದಲೇ. ಅವರ ಓಟಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ ಕೈ ತೊಳೆಯೋ ಔಷಧಿಯಿಂದ ಚರ್ಮ ಸುಲಿದುಹೋಗ್ತಿತ್ತು. ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ಗ್ಲೌಸ್ ಮಾಡಿಸಿಕೊಟ್ರು. ಆಮೇಲೆ ಅವರನ್ನೇ ಮದುವೆ ಆದ್ರು.

ಆದ್ರೆ ಈ ಕಥೆಯ ಇನ್ನೊಂದು ಮಗ್ಗುಲು ತುಂಬಾ ವರ್ಷ ಮುಚ್ಚಿತ್ತು. 1884ರಲ್ಲಿ ಕೊಕೇನ್‌ನಿಂದ ಕಣ್ಣನ್ನ ಮರಗಟ್ಟಿಸಬಹುದು ಅಂತ ಯುರೋಪಿನಿಂದ ಸುದ್ದಿ ಬಂತು. ಆಗ ನ್ಯೂಯಾರ್ಕ್‌ನಲ್ಲಿದ್ದ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಅದನ್ನ ತಮ್ಮ ಮೈಮೇಲೇ ಪ್ರಯೋಗ ಮಾಡಿದ್ರು. ನರಕ್ಕೆ ಚುಚ್ಚಿ ಒಂದೊಂದು ಭಾಗವನ್ನ ಮರಗಟ್ಟಿಸೋ ವಿದ್ಯೆ ಸಿಕ್ತು. ಜೊತೆಗೆ ಚಟವೂ ಅಂಟ್ಕೊಂಡ್ತು. ಅದು ಚಟ ಹಿಡಿಸುತ್ತೆ ಅನ್ನೋದೇ ಆಗ ವೈದ್ಯರಿಗೆ ಸರಿಯಾಗಿ ತಿಳಿದಿರಲಿಲ್ಲ. ಆಸ್ಪತ್ರೆಗೆ ಸೇರಿಸಿ ಕೊಕೇನ್ ಬಿಡಿಸೋಕೆ ಹೋದಾಗ ಮಾರ್ಫಿನ್ ಹಿಡೀತು. ಸಹೋದ್ಯೋಗಿಯಾಗಿದ್ದ ವಿಲಿಯಂ ಆಸ್ಲರ್ ಇದನ್ನ ಬರೆದಿಟ್ಟು ಮೊಹರು ಹಾಕಿಸಿದ್ರು. ಅದು ಹೊರಗೆ ಬಂದಿದ್ದು 1969ರಲ್ಲಿ. ಹಾಲ್‌ಸ್ಟೆಡ್ ತೀರಿಹೋಗಿ ಆಗಲೇ 47 ವರ್ಷ.

ಇಲ್ಲಿ ಕೆಲವರು ಒಂದು ಸುಲಭದ ತೀರ್ಪು ಕೊಡ್ತಾರೆ: ‘ನೋಡಿ, ನಶೆಯಲ್ಲಿದ್ದವನು ಮಾಡಿದ ಟೈಮ್‌ಟೇಬಲ್ ಇದು’ ಅಂತ. ನನಗೆ ಆ ವಾದ ಅಷ್ಟು ಸರಿ ಕಾಣಲ್ಲ. ಜರ್ಮನಿ, ಆಸ್ಟ್ರಿಯಾದ ಆಸ್ಪತ್ರೆಗಳನ್ನ ನೋಡಿ ಬಂದು ಅವರು ಈ ಪದ್ಧತಿಯನ್ನ ಯೋಚಿಸಿ ಕಟ್ಟಿದ್ದು. ನನಗೆ ಹೆಚ್ಚು ಮುಖ್ಯ ಅನ್ನಿಸೋದು ಬೇರೆ ಸಂಗತಿ. ವರ್ಷದ 365 ದಿನ ಶಿಷ್ಯರು ಆಸ್ಪತ್ರೆಯಲ್ಲೇ ಇರಬೇಕು ಅಂದ ಗುರು, ತಾನು ಮಾತ್ರ ಪ್ರತಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಾರ್ತ್ ಕ್ಯಾರೊಲಿನಾದ ಬೆಟ್ಟದ ಮನೆಗೆ ಹೋಗಿಬಿಡ್ತಿದ್ರು. ಡೇಲಿಯಾ ಹೂವು ಬೆಳೀತಿದ್ರು. ಅಂಗಿಗಳನ್ನ ಒಗೆಯೋಕೆ ಪ್ಯಾರಿಸ್‌ಗೆ ಕಳಿಸ್ತಿದ್ರು ಅನ್ನೋದು ಸರ್ಜನ್‌ಗಳ ನಡುವೆ ಇವತ್ತಿಗೂ ಓಡಾಡೋ ಕಥೆ. ವಿಶ್ರಾಂತಿ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಕಲಿಯೋರಿಗೂ ಬೇಕು ಅನ್ನೋದು ಪದ್ಧತಿಯೊಳಗೆ ಬರಲಿಲ್ಲ.

ಇನ್ನೊಂದು ವ್ಯತ್ಯಾಸ ಕೂಡ ಹೇಳ್ಬೇಕು. 1890ರ ರೆಸಿಡೆಂಟ್ ಆಸ್ಪತ್ರೆಯಲ್ಲೇ ಮಲಗ್ತಿದ್ದ, ನಿಜ. ಆದ್ರೆ ಆಗ ಐಸಿಯು ಇರಲಿಲ್ಲ, ವೆಂಟಿಲೇಟರ್ ಇರಲಿಲ್ಲ, ಹತ್ತು ನಿಮಿಷಕ್ಕೊಮ್ಮೆ ಫೋನ್ ಬಾರಿಸ್ತಿರಲಿಲ್ಲ. ಎಷ್ಟೋ ರಾತ್ರಿ ಆತ ನಿಜವಾಗ್ಲೂ ಮಲಗ್ತಿದ್ದ. ಇವತ್ತಿನ ಪಿಜಿಗೆ ಅದೇ ಹಳೇ ಗಂಟೆಗಳು ಬಂದಿವೆ, ಕೆಲಸ ಮಾತ್ರ ಹತ್ತು ಪಟ್ಟು.

ಈ ಹಳೇ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದಿದ್ದು ಒಬ್ಬ ತಂದೆಯಿಂದ. 1984ರ ಮಾರ್ಚ್‌ನಲ್ಲಿ ಲಿಬ್ಬಿ ಝಯಾನ್ ಅನ್ನೋ 18 ವರ್ಷದ ಹುಡುಗಿ ಜ್ವರ ಅಂತ ನ್ಯೂಯಾರ್ಕ್‌ನ ಆಸ್ಪತ್ರೆಗೆ ಸೇರಿ ಮರುದಿನ ಬೆಳಗ್ಗೆ ತೀರಿಹೋದಳು. ನೋಡಿಕೊಂಡಿದ್ದು ತರಬೇತಿಯಲ್ಲಿದ್ದ ಇಬ್ಬರು ಎಳೇ ವೈದ್ಯರು. ಅವರ ಮೇಲೆ ಹತ್ತಾರು ರೋಗಿಗಳ ಹೊರೆ. ಆಕೆ ಮೊದಲಿಂದ ತಗೊಳ್ತಿದ್ದ ಮಾತ್ರೆಗೆ ಹೊಂದದ ಇಂಜೆಕ್ಷನ್ ಬಿತ್ತು. ತಂದೆ ಸಿಡ್ನಿ ಝಯಾನ್ ಪತ್ರಕರ್ತರು, ವಕೀಲಿಕೆಯೂ ಗೊತ್ತಿತ್ತು. ಆ ವೈದ್ಯರನ್ನಷ್ಟೇ ಬೈದು ಅವರು ಸುಮ್ಮನಾಗಲಿಲ್ಲ. ಅವರನ್ನ ನಿದ್ದೆಯಿಲ್ಲದೆ ದುಡಿಸಿದ ವ್ಯವಸ್ಥೆಯನ್ನೇ ಕಟಕಟೆಗೆ ಎಳೆದ್ರು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ನಿಯಮ ತಂತು: ವಾರಕ್ಕೆ 80 ಗಂಟೆ, ಒಂದೇ ಸಲಕ್ಕೆ 24 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. 2003ರಲ್ಲಿ 80 ಗಂಟೆಯ ಮಿತಿ ಇಡೀ ಅಮೆರಿಕಕ್ಕೆ ಬಂತು. ಬ್ರಿಟನ್ನಿನಲ್ಲಿ ಯುರೋಪಿನ ಕಾನೂನಿನ ಪ್ರಕಾರ 2009ರಿಂದ ಎಳೇ ವೈದ್ಯರಿಗೆ ವಾರಕ್ಕೆ ಸರಾಸರಿ 48 ಗಂಟೆ.

ಭಾರತ? ನಂಬ್ತೀರೋ ಇಲ್ವೋ, ನಾವು ಅಮೆರಿಕಕ್ಕಿಂತ ಹನ್ನೊಂದು ವರ್ಷ ಮುಂದಿದ್ವಿ. ಕಾಗದದ ಮೇಲೆ. ರೆಸಿಡೆನ್ಸಿ ಪದ್ಧತಿ ದೇಶಕ್ಕೆಲ್ಲ ಒಂದೇ ಥರ ಇರಲಿ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದರಂತೆ 1992ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ನಿರ್ದೇಶನ ಹೊರಡಿಸಿತು. ಅದರಲ್ಲಿ ರೆಸಿಡೆಂಟ್ ಡಾಕ್ಟರ್‌ಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚಿಲ್ಲ, ವಾರಕ್ಕೊಂದು ರಜೆ ಅಂತ ಇದೆ. ಮೂವತ್ತು ವರ್ಷ ದಾಟಿದೆ. ಆ ನಿರ್ದೇಶನದ ಹೆಸರೇ ಕೇಳದ ಪಿಜಿಗಳು ಬೇಕಾದಷ್ಟು ಜನ ಸಿಗ್ತಾರೆ.

ಈ 48 ಅನ್ನೋ ಸಂಖ್ಯೆ ದಾವಣಗೆರೆಗೆ ಹೊಸದಲ್ಲ. ಒಂದು ಕಾಲಕ್ಕೆ ಇದು ಕರ್ನಾಟಕದ ಮ್ಯಾಂಚೆಸ್ಟರ್. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳ್ತಿತ್ತು, ಉಣ್ತಿತ್ತು, ಮಲಗ್ತಿತ್ತು. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಗಿರಣಿ ಕಾರ್ಮಿಕರಿಗೆ ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದ್ರೆ ಓಟಿ ಕೊಡಬೇಕು. ಈ ಓಟಿ ಬೇರೆ, ಓವರ್‌ಟೈಮ್! ಕಾರ್ಮಿಕ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಗೆದ್ದು ಶಾಸಕರಾದ ಊರಿದು. ಸೈರನ್ ಆಗಿದ್ಮೇಲೂ ಮಗ್ಗದ ಮುಂದೆ ನಿಲ್ಲಿಸಿದ್ರೆ ಗೇಟಿನ ಹತ್ರ ಕೇಳೋಕೆ ಯೂನಿಯನ್ ಇರ್ತಿತ್ತು. ಅದೇ ಊರಿನಲ್ಲಿ, ಅಥವಾ ಯಾವ ಊರಿನಲ್ಲೇ ಆಗ್ಲಿ, ಆಸ್ಪತ್ರೆಯಲ್ಲಿ ಪಿಜಿಯ ಶಿಫ್ಟ್ ಮುಗೀತು ಅಂತ ಕೂಗೋ ಸೈರನ್ ಯಾವತ್ತೂ ಇರಲಿಲ್ಲ. ಯಾಕಂದ್ರೆ ಕಾನೂನಿನ ಕಣ್ಣಲ್ಲಿ ಅವರು ಅರ್ಧ ವಿದ್ಯಾರ್ಥಿ, ಅರ್ಧ ನೌಕರ. ಫೀಸ್ ಕಟ್ಟುವಾಗ ವಿದ್ಯಾರ್ಥಿ, ರಾತ್ರಿ ದುಡಿಯುವಾಗ ನೌಕರ. ಅವರೇನಾದ್ರೂ ಕೇಳೋಕೆ ಹೋದ್ರೆ ಮಾತ್ರ ಮತ್ತೆ ವಿದ್ಯಾರ್ಥಿ.

ನಿದ್ದೆ ಬಿಟ್ರೆ ಏನಾಗುತ್ತೆ ಮಹಾ, ಅಭ್ಯಾಸ ಆಗುತ್ತೆ ಬಿಡಿ ಅನ್ನೋರಿಗೆ ಒಂದು ಲೆಕ್ಕ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಅನ್ನೋ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದ್ರು. ಹದಿನೇಳು ಗಂಟೆ ಎಚ್ಚರ ಇದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿದಿತ್ತು. ಇಪ್ಪತ್ನಾಲ್ಕು ಗಂಟೆ ಆದ್ರೆ ಸುಮಾರು ಶೇ 0.10. ನಮ್ಮ ದೇಶದಲ್ಲಿ ಗಾಡಿ ಓಡಿಸೋರಿಗೆ ಇರೋ ಮಿತಿ ಎಷ್ಟು ಗೊತ್ತಾ? ಶೇ 0.03. ಆ ಲೆಕ್ಕದಲ್ಲಿ ನೈಟ್ ಡ್ಯೂಟಿ ಮುಗಿಸಿದ ಪಿಜಿಯ ಕೈಗೆ ಬೈಕಿನ ಕೀ ಕೊಡೋಕೂ ಯೋಚನೆ ಮಾಡ್ಬೇಕು. ನಾವು ಸ್ಕಾಲ್‌ಪೆಲ್ ಕೊಡ್ತೀವಿ. 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ, ರಾತ್ರಿಯಿಡೀ ಎಚ್ಚರವಿದ್ದ ತರಬೇತಿ ಸರ್ಜನ್‌ಗಳು ಯಂತ್ರದ ಮೇಲೆ ಲ್ಯಾಪ್ರೋಸ್ಕೋಪಿ ಅಭ್ಯಾಸ ಮಾಡುವಾಗ ಶೇ 20ರಷ್ಟು ಹೆಚ್ಚು ತಪ್ಪು ಮಾಡಿದ್ರು, ಶೇ 14ರಷ್ಟು ಹೆಚ್ಚು ಹೊತ್ತು ತಗೊಂಡ್ರು.

ಹಿರಿಯ ಸರ್ಜನ್‌ಗಳ ಮಾತನ್ನೂ ಕೇಳ್ಬೇಕು, ಅದನ್ನ ಸುಮ್ಮನೆ ತಳ್ಳಿಹಾಕೋ ಹಂಗಿಲ್ಲ. ಅವರು ಹೇಳೋದು: ಗಂಟೆ ನೋಡಿ ಕೆಲಸ ಬಿಟ್ಟು ಎದ್ದುಹೋದ್ರೆ ಕೈ ಪಳಗಲ್ಲ. ಕರುಳು ಹೊಲಿಯೋದನ್ನ ನೂರು ಸಲ ನೋಡ್ಬೇಕು, ಮಾಡ್ಬೇಕು. ಶಿಫ್ಟ್ ಬದಲಾದಷ್ಟೂ ಸಲ ರೋಗಿ ಕೈಯಿಂದ ಕೈಗೆ ದಾಟ್ತಾನೆ, ದಾಟುವಾಗ ಏನೋ ಒಂದು ಬಿಟ್ಟುಹೋಗುತ್ತೆ. ಇದಕ್ಕೆ ಆಧಾರವೂ ಇದೆ. ಅಮೆರಿಕದ 117 ಸರ್ಜರಿ ತರಬೇತಿ ಕೇಂದ್ರಗಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿ ಶಿಫ್ಟ್ ನಿಯಮ, ಇನ್ನೊಂದಕ್ಕೆ ಸಡಿಲ ನಿಯಮ ಕೊಟ್ಟು ನೋಡಿದ್ರು. 2016ರಲ್ಲಿ ಬಂದ ಫಲಿತಾಂಶ: ರೋಗಿಗಳ ಸಾವು, ಗಂಭೀರ ತೊಂದರೆಗಳ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಹಂಗಾದ್ರೆ ಗಂಟೆ ಮುಖ್ಯ ಅಲ್ವಾ? ನಿಧಾನ. ಆ ಎರಡೂ ಗುಂಪಿಗೆ ವಾರದ 80 ಗಂಟೆಯ ಮಿತಿ ಇದ್ದೇ ಇತ್ತು. ಅವರು ಜಗಳ ಆಡ್ತಿದ್ದಿದ್ದು ಆ ಮಿತಿಯ ಒಳಗಡೆ. ಮಿತಿಯೇ ಜಾರಿಯಲ್ಲಿಲ್ಲದ ಕಡೆ ಈ ಅಧ್ಯಯನ ತೋರಿಸಿ ‘ನೋಡಿ, ಏನೂ ಆಗಲ್ಲ’ ಅನ್ನೋದು ಒಪ್ಪೋ ಮಾತಲ್ಲ.

ಈಗ ಆ ಪದಕ್ಕೆ ಬರೋಣ. ಬರ್ನ್‌ಔಟ್. ಇನ್‌ಸ್ಟಾಗ್ರಾಂನಲ್ಲಿ ಸೋಮವಾರ ಬಂದ್ರೆ ಎಲ್ಲರಿಗೂ ಬರ್ನ್‌ಔಟ್. ಆದ್ರೆ ವೈದ್ಯಕೀಯದಲ್ಲಿ ಅದಕ್ಕೊಂದು ನಿರ್ದಿಷ್ಟ ಅರ್ಥ ಇದೆ. 1974ರಲ್ಲಿ ನ್ಯೂಯಾರ್ಕ್‌ನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಕ್ಲಿನಿಕ್‌ನಲ್ಲಿ ದುಡೀತಿದ್ದವರನ್ನ, ತನ್ನನ್ನೂ ಸೇರಿಸ್ಕೊಂಡು, ನೋಡಿ ಈ ಪದ ಬಳಸಿದ್ರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅದನ್ನ ಅಳೆಯೋ ಪ್ರಶ್ನಾವಳಿ ಮಾಡಿದ್ರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಕೆಲಸಕ್ಕೆ ಸಂಬಂಧಪಟ್ಟ ಸಮಸ್ಯೆ ಅಂತ ಗುರುತಿಸಿತು. ಗಮನಿಸಿ, ಕಾಯಿಲೆ ಅಂತಲ್ಲ. ಅಂದ್ರೆ ದೋಷ ಹುಡುಕಬೇಕಾದ್ದು ಮೊದಲು ಕೆಲಸದ ಜಾಗದಲ್ಲಿ. ಕನ್ನಡದಲ್ಲಿ ನಮಗೆ ಒಂದು ಒಳ್ಳೇ ಪದ ಮೊದಲಿಂದಲೂ ಇದೆ, ಬಸವಳಿಯೋದು. ಆದ್ರೆ ಬಸವಳಿದವನು ಮಲಗಿ ಎದ್ರೆ ಸರಿಹೋಗ್ತಾನೆ. ಇದು ಹಾಗಲ್ಲ. ದಣಿವು ಇದರ ಮೊದಲ ಗುರುತು ಮಾತ್ರ. ಎರಡನೇದು ಮನಸ್ಸು ಜಡ್ಡುಗಟ್ಟೋದು. ‘ಜಗಳೂರಿನಿಂದ ಬಂದ ಅಜ್ಜ’ ಹೋಗಿ ‘ಹದಿನಾಲ್ಕನೇ ಬೆಡ್ಡಿನ ಹರ್ನಿಯಾ’ ಆಗೋದು, ಅಟೆಂಡರ್ ಒಂದು ಪ್ರಶ್ನೆ ಕೇಳಿದ್ರೆ ಉರಿದುಬೀಳೋದು. ಮೂರನೇದು, ನನ್ನ ಕೈಯಲ್ಲಿ ಏನೂ ಆಗಲ್ಲ, ನಾನು ಈ ಕೆಲಸಕ್ಕೆ ನಾಲಾಯಕ್ ಅನ್ನಿಸೋದು. ಆಸ್ಪತ್ರೆಯಲ್ಲಿ ಡಾಕ್ಟ್ರು ನಿಮ್ಮ ಮನೆಯವರ ಮೇಲೆ ರೇಗಿದ್ದು ನೆನಪಿದ್ರೆ, ಅದರಲ್ಲಿ ಕೆಲವು ಸೊಕ್ಕು ಇರಬಹುದು. ಕೆಲವು ಇದು.

ಸಂಖ್ಯೆಗಳು ಏನು ಹೇಳ್ತವೆ? ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾಹಿತಿ ಹಕ್ಕಿನಡಿ ಕೊಟ್ಟ, 2024ರಲ್ಲಿ ಸುದ್ದಿಯಾದ ಉತ್ತರದ ಪ್ರಕಾರ, ಐದು ವರ್ಷದಲ್ಲಿ ದೇಶದ 122 ವೈದ್ಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡ್ಕೊಂಡಿದ್ದಾರೆ. ಅವರಲ್ಲಿ 58 ಮಂದಿ ಪಿಜಿಗಳು. ಓದನ್ನ ಮಧ್ಯದಲ್ಲೇ ಬಿಟ್ಟುಹೋದವರು 1,270. ಅದರಲ್ಲಿ ಎಂಬಿಬಿಎಸ್‌ನವರು ಬರೀ 153, ಉಳಿದ 1,117 ಮಂದಿ ಪಿಜಿಗಳು. ಜನರಲ್ ಸರ್ಜರಿ ಬಿಟ್ಟವರೂ ಅದರಲ್ಲಿದ್ದಾರೆ. ನೀಟ್ ಪಿಜಿ ಬರೆದು ಸೀಟು ಸಿಗೋದು ಎಷ್ಟು ಕಷ್ಟ ಅಂತ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನೋಡಿರ್ತೀರಿ. ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನ, ಕೆಲವು ಕಡೆ ಲಕ್ಷಗಟ್ಟಲೆ ದಂಡ ಕಟ್ಟಿ ಬಿಟ್ಟುಹೋಗ್ತಾರೆ ಅಂದ್ರೆ ಒಳಗೆ ಏನಾಗ್ತಿರಬಹುದು, ಯೋಚಿಸಿ.

ಅದೇ 2024ರಲ್ಲಿ ಆಯೋಗ ಒಂದು ಕಾರ್ಯಪಡೆ ಮಾಡಿತು. ಅಧ್ಯಕ್ಷರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾಮಠ. ಅವರ ಆನ್‌ಲೈನ್ ಸಮೀಕ್ಷೆಯಲ್ಲಿ 5,337 ಪಿಜಿಗಳು ಉತ್ತರ ಕೊಟ್ರು. ಸುಮಾರು ಶೇ 45ರಷ್ಟು ಜನ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡೀತಾರೆ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ವಾರದ ರಜೆಯೇ ಸಿಗಲ್ಲ. ಮಾನಸಿಕ ತೊಂದರೆ ಇದೆ ಅಂತ ವೈದ್ಯರಿಂದಲೇ ಹೇಳಿಸಿಕೊಂಡವರು ಶೇ 15.3. ಸ್ವತಃ ತೋರಿಸಿಕೊಳ್ಳೋಕೆ ಹೋಗದವರು ಈ ಲೆಕ್ಕಕ್ಕೆ ಬಂದಿಲ್ಲ ಅನ್ನೋದನ್ನೂ ಸೇರಿಸ್ಕೊಳ್ಳಿ.

ಇಂಥ ವರದಿ ಬಂದಾಗೆಲ್ಲ ಮೊದಲು ನಡೆಯೋದು ಏನು? ಒಂದು ವರ್ಕ್‌ಶಾಪ್. ಉಸಿರಾಟದ ವ್ಯಾಯಾಮ, ಯೋಗ, ‘ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ’ ಅಂತ ಸ್ಲೈಡು. ಕೆಲವು ಕಡೆ ಅದನ್ನ ಇಡೋದು ಭಾನುವಾರ, ಪಿಜಿಗೆ ಇದ್ದ ಒಂದೇ ಒಂದು ಬಿಡುವಿನ ಹೊತ್ತಿನಲ್ಲಿ. ಯೋಗದ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ 2020ರಲ್ಲಿ ಅಮೆರಿಕದಲ್ಲಿ ಸಾವಿರಾರು ವೈದ್ಯರ ಮೇಲೆ ಒಂದು ಅಧ್ಯಯನ ನಡೀತು. ವೈದ್ಯರ ಗಟ್ಟಿತನ ಬೇರೆ ಕೆಲಸದವರಿಗಿಂತ ಜಾಸ್ತಿಯೇ ಇತ್ತು. ಗಟ್ಟಿತನದ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ ವೈದ್ಯರಲ್ಲೂ ಶೇ 29ರಷ್ಟು ಜನ ಬರ್ನ್‌ಔಟ್ ಆಗಿದ್ರು. ಮೂರು ವರ್ಷ ನೀಟ್‌ಗೆ ಓದಿ, ಐದೂವರೆ ವರ್ಷ ಎಂಬಿಬಿಎಸ್ ಮಾಡಿ, ಆಮೇಲೂ ಸರ್ಜರಿ ಆಯ್ಕೆ ಮಾಡ್ಕೊಂಡ ಹುಡುಗಿಗೆ ಗಟ್ಟಿತನದ ಪಾಠ ಬೇಕಾಗಿಲ್ಲ. ಅವಳಿಗೆ ಬೇಕಿರೋದು ಪೋಸ್ಟ್ ಡ್ಯೂಟಿ ಆಫ್.

ಈಗ ಜಯದೇವ ಸರ್ಕಲ್. 2020ರ ಜೂನ್ ಕೊನೆ, ಜುಲೈ. ಕೋವಿಡ್ ಮೊದಲ ಅಲೆ. ಊರಲ್ಲಿ ಚಪ್ಪಾಳೆ ಹೊಡೆದು, ದೀಪ ಹಚ್ಚಿ ವೈದ್ಯರಿಗೆ ವಂದನೆ ಹೇಳಿ ಮೂರು ತಿಂಗಳಾಗಿತ್ತು. ಆಗ ಜೆಜೆಎಂ ಕಾಲೇಜಿನ ಸರ್ಕಾರಿ ಕೋಟಾದ ಪಿಜಿಗಳು, ಹೌಸ್ ಸರ್ಜನ್‌ಗಳು ಬೀದಿಗೆ ಬಂದು ಕೂತ್ರು. 16 ತಿಂಗಳಿನಿಂದ ಸ್ಟೈಪೆಂಡ್ ಬಂದಿಲ್ಲ ಅಂತ. ಅವರು ದುಡೀತಿದ್ದಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ, ಓದ್ತಿದ್ದಿದ್ದು ಖಾಸಗಿ ಕಾಲೇಜಿನಲ್ಲಿ. ಮೊದಲೇ ಹೇಳಿದ್ನಲ್ಲ, ಆ ಜೋಡಣೆ. ಹಣ ಕೊಡಬೇಕಾದ್ದು ಸರ್ಕಾರವೋ ಕಾಲೇಜೋ ಅನ್ನೋ ಜಗ್ಗಾಟದ ಮಧ್ಯೆ ಸಿಕ್ಕಿಕೊಂಡವರು ಇವರು. ಎರಡೂ ಕಡೆಯವರಿಗೂ ಅವರವರ ಲೆಕ್ಕ, ಅವರವರ ಆದೇಶದ ಪ್ರತಿ ಇತ್ತು. ಮನೆಗೆ ಫೋನ್ ಮಾಡಿ ‘ಅಪ್ಪ, ಈ ತಿಂಗಳೂ ಸ್ವಲ್ಪ ದುಡ್ಡು ಹಾಕು’ ಅನ್ನೋದು ಮಾತ್ರ ಡಾಕ್ಟರ್ ಆದ ಮಕ್ಕಳ ಪಾಲಿಗೆ ಬಂತು. ಮಳೆಗಾಲ, ಮಾಸ್ಕು, ರಸ್ತೆ ಬದಿ. ದಿನಗಟ್ಟಲೆ ಕೂತ್ರು.

ಬರ್ನ್‌ಔಟ್ ಬಗ್ಗೆ ಬರೆಯೋರು ಈ ಹಣದ ವಿಷಯವನ್ನ ಸಾಮಾನ್ಯವಾಗಿ ಬಿಟ್ಟುಬಿಡ್ತಾರೆ. ಗಂಟೆ, ನಿದ್ದೆ, ಒತ್ತಡ ಎಲ್ಲ ಬರುತ್ತೆ. ಆದ್ರೆ ಮೂವತ್ತಾರು ಗಂಟೆ ನಿಂತ ಮೇಲೆ ಮೆಸ್ ಬಿಲ್ ಕಟ್ಟೋಕೆ ಸಾಲ ಕೇಳಬೇಕಾದ ಅವಮಾನ ಬೇರೆಯೇ ಒಂದು ದಣಿವು.

ಅದರ ಜೊತೆಗೆ ಇನ್ನೊಂದು ಕೊಂಡಿ ಇದೆ, ಅದು ನಮ್ಮ ನಾಲ್ಕು ತಾಲ್ಲೂಕಿಗೆ ಸೇರಿದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದು ಅರಿವಳಿಕೆ ಡಾಕ್ಟರ್ ಇಲ್ಲದ ದಿನ ಒಂದು ಸಾದಾ ಅಪೆಂಡಿಕ್ಸ್ ಕೂಡ ‘ದಾವಣಗೆರೆಗೆ ಬರ್ಕೊಟ್ರು’ ಆಗುತ್ತೆ. ರಕ್ತ ಸಿಗದಿದ್ರೆ, ರಾತ್ರಿ ಎಕ್ಸ್‌ರೇ ತೆಗೆಯೋರು ಇಲ್ಲದಿದ್ರೆ ಅದೇ ಚೀಟಿ. ಹೀಗೆ ಸುತ್ತಲಿನ ತಾಲ್ಲೂಕುಗಳ ಖಾಲಿ ಹುದ್ದೆಗಳೆಲ್ಲ ಕೂಡಿ ಒಂದೇ ರಾತ್ರಿ ಒಬ್ಬ ಫಸ್ಟ್ ಇಯರ್ ಪಿಜಿಯ ಟೇಬಲ್ ಮೇಲೆ ಬಂದು ಬೀಳ್ತವೆ. ಆ ಪಿಜಿ ಬಸವಳಿದ್ರೆ ಅದು ಬರೀ ಅವನ ಮನಸ್ಸಿನ ವಿಷಯ ಹೇಗಾಗುತ್ತೆ? ಪಿಜಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು ಅಂತ 2020ರಲ್ಲಿ ನಿಯಮ ಬಂದಿದೆ. ಓದು ಮುಗಿದ ಮೇಲೆ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆಗೆ ಕರ್ನಾಟಕದಲ್ಲಿ 2012ರ ಕಾಯ್ದೆ ಇದೆ. ಚೀಟಿ ಬರೆಯೋ ಕಡೆ ಒಬ್ಬ ಸರ್ಜನ್ ಹೆಚ್ಚಾದ್ರೆ ಚೀಟಿ ತಗೊಳ್ಳೋ ಕಡೆ ಒಂದು ಗಂಟೆ ನಿದ್ದೆ ಹೆಚ್ಚಾಗುತ್ತೆ, ಲೆಕ್ಕ ಅಷ್ಟೇ ಸರಳ. ಆದ್ರೆ ಅಲ್ಲಿಗೆ ಹೋದವನ ಜೊತೆ ಅರಿವಳಿಕೆಯವರನ್ನೂ ಕಳಿಸಬೇಕು. ಒಬ್ಬನನ್ನೇ ಕಳಿಸಿದ್ರೆ ಅವನೂ ಚೀಟಿಯೇ ಬರೀತಾನೆ.

ಕೈ ಪಳಗೋದಕ್ಕೆ ನಿದ್ದೆಗೆಡೋದೊಂದೇ ದಾರಿನಾ? ನಮ್ಮಲ್ಲೇ ಹಳೇ ಉತ್ತರ ಒಂದಿದೆ. ಸುಶ್ರುತ ಸಂಹಿತೆಯಲ್ಲಿ ಅಭ್ಯಾಸಕ್ಕೆ ಅಂತಲೇ ಒಂದು ಅಧ್ಯಾಯ ಇದೆ. ಮೊದಲು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಕಾಯಿ ಮೇಲೆ ಕೊಯ್ಯೋದನ್ನ ಕಲಿ, ನೀರು ತುಂಬಿದ ಚರ್ಮದ ಚೀಲದ ಮೇಲೆ ಚುಚ್ಚೋದನ್ನ ಕಲಿ, ಅದಾದ ಮೇಲೆ ಮನುಷ್ಯನ ಹತ್ರ ಹೋಗು ಅನ್ನೋ ಕ್ರಮ ಅದು. ಹಗಲು ಹೊತ್ತಲ್ಲಿ, ತಪ್ಪಾದ್ರೂ ಯಾರೂ ಸಾಯದ ಕಡೆ. ಇವತ್ತಿನ ಸ್ಕಿಲ್ ಲ್ಯಾಬ್‌ಗಳು, ಲ್ಯಾಪ್ರೋಸ್ಕೋಪಿ ಟ್ರೇನರ್ ಪೆಟ್ಟಿಗೆಗಳು ಮಾಡೋದೂ ಅದನ್ನೇ. ಪಿಜಿಯ ದಿನದಲ್ಲಿ ಎಷ್ಟೋ ಗಂಟೆ ಹೋಗೋದು ಸರ್ಜರಿಗೂ ಅಲ್ಲ. ರಿಪೋರ್ಟ್ ತರೋಕೆ ಲ್ಯಾಬಿಗೆ, ಟ್ರಾಲಿ ತಳ್ಳೋಕೆ, ಫಾರಂ ತುಂಬೋಕೆ. ಇನ್ನೊಬ್ಬ ಕ್ಲರ್ಕ್, ಇನ್ನಿಬ್ಬರು ವಾರ್ಡ್ ಬಾಯ್ ಕೊಟ್ರೆ ಕಲಿಕೆ ಒಂದಿಷ್ಟೂ ಕಡಿಮೆ ಆಗಲ್ಲ. ರಾತ್ರಿ ಮೂರಕ್ಕೆ ಫೋನ್ ಮಾಡಿದ್ರೆ ಬೈಯದೆ ಎತ್ತೋ ಸೀನಿಯರ್ ಒಬ್ಬರಿದ್ರೆ ಇನ್ನೂ ಒಳ್ಳೇದು. ಟೇಬಲ್ ಮೇಲೆ ರೋಗಿ ತೀರಿಹೋದ ದಿನ ‘ಬಾ, ಕಾಫಿ ಕುಡಿಯೋಣ, ಏನಾಯ್ತು ಹೇಳು’ ಅನ್ನೋರು ಬೇಕು. ಇದಕ್ಕೆ ಬಜೆಟ್ ಬೇಕಾಗಿಲ್ಲ.

ನಿಯಮದ ಕಥೆ ಎಲ್ಲಿಗೆ ಬಂತು ಅಂತ ಹೇಳಿ ಮುಗಿಸ್ತೀನಿ. 1992ರ ನಿರ್ದೇಶನದಲ್ಲಿ ವಾರಕ್ಕೆ 48 ಗಂಟೆ ಅಂತಿತ್ತು. 2023ರ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ಪಿಜಿ ನಿಯಮಾವಳಿ ಬಂತು. ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಕೆಲಸದ ಗಂಟೆಗೆ ಬಂದಾಗ ಮಾತ್ರ ಸಂಖ್ಯೆ ಇಲ್ಲ, ‘ಸಮಂಜಸ ಗಂಟೆಗಳು’ ಅನ್ನೋ ಅರ್ಥದ ಮಾತಿದೆ. ಸಮಂಜಸ ಅಂದ್ರೆ ಎಷ್ಟು? ಡ್ಯೂಟಿ ಹಾಕೋರನ್ನ ಕೇಳ್ಬೇಕು. 2024ರ ಕಾರ್ಯಪಡೆ ಮತ್ತೆ ಒಂದು ಸಂಖ್ಯೆ ಕೊಟ್ಟಿತು: ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ, ದಿನಕ್ಕೆ ಏಳೆಂಟು ಗಂಟೆ ನಿದ್ದೆ. ಇದು ಶಿಫಾರಸು. ಇವತ್ತಿನ ಪರಿಸ್ಥಿತಿಯಲ್ಲಿ ಇದು ಜಾರಿಯಾದ್ರೂ ಪಿಜಿಗಳಿಗೆ ಹಬ್ಬವೇ. ಆದ್ರೆ 48ರಿಂದ 74ಕ್ಕೆ ಬರೋಕೆ 32 ವರ್ಷ ಹಿಡೀತು, ಅದೂ ಏರಿಕೆ ದಿಕ್ಕಿನಲ್ಲಿ.

ನೀವೋ ನಿಮ್ಮ ಗೆಳೆಯರೋ ಇಂಥ ಸ್ಥಿತಿಯಲ್ಲಿದ್ರೆ, ಸಾಯಬೇಕು ಅನ್ನಿಸ್ತಿದ್ರೆ, ಟೆಲಿ ಮನಸ್ ಸಹಾಯವಾಣಿ ಇದೆ: 14416. ದಿನದ 24 ಗಂಟೆಯೂ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಕಂತಿನಲ್ಲಿ ಸಿಗೋಣ.